ಓದಿದರೆ ಉತ್ತರ, ಬರೆದರೆ ಆಜ್ಞೆ: ಕರ್ನೆಲ್ ಫೈಲ್‌ಗಳ ಬಗೆಗಿನ ತಪ್ಪು ತಿಳಿವಳಿಕೆಗಳು

ಲಿನಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ /ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಡೈರೆಕ್ಟರಿಯೊಳಗೆ ಇಳಿದರೆ ‘ಬ್ರೈಟ್‌ನೆಸ್’ ಎಂಬ ಫೈಲ್ ಸಿಗುತ್ತದೆ. ತೆರೆದು ನೋಡಿದರೆ ಒಂದೇ ಒಂದು ಸಂಖ್ಯೆ. ಅಲ್ಲಿ ಚಿಕ್ಕ ಸಂಖ್ಯೆ ಬರೆದರೆ ಪರದೆ ಮಂಕಾಗುತ್ತದೆ, ದೊಡ್ಡದು ಬರೆದರೆ ಬೆಳಗುತ್ತದೆ. ಪಕ್ಕದಲ್ಲೇ ಇರುವ ‘ಮ್ಯಾಕ್ಸ್_ಬ್ರೈಟ್‌ನೆಸ್’ ಎಂಬ ಇನ್ನೊಂದು ಫೈಲ್ ಗರಿಷ್ಠ ಎಷ್ಟು ಎಂದು ಹೇಳುತ್ತದೆ. ಬ್ಯಾಟರಿ 80 ಪರ್ಸೆಂಟ್ ತುಂಬಿದೊಡನೆ ಚಾರ್ಜಿಂಗ್ ನಿಲ್ಲಿಸಬೇಕೆಂದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಂಥದೇ ಫೈಲಿಗೆ 80 ಎಂದು ಬರೆದರೆ ಸಾಕು.

ಆಪರೇಟಿಂಗ್ ಸಿಸ್ಟಮ್‌ನ ಒಡಲಾದ ಕರ್ನೆಲ್‌ನೊಂದಿಗೆ ಮಾತಾಡಲು ಹೊಸ ಭಾಷೆ ಕಲಿಯಬೇಕಿಲ್ಲ; ಫೈಲ್ ಓದಲು, ಬರೆಯಲು ಬಂದರೆ ಆಯಿತು. ಈ ಯೋಚನೆಯ ಸೊಗಸೇ ಅದು. ಇಷ್ಟು ಸಲೀಸಾಗಿ ಕಾಣುವುದರಿಂದಲೇ ಇದರ ಬಗ್ಗೆ ತಪ್ಪು ತಿಳಿವಳಿಕೆಗಳೂ ಹೆಚ್ಚು. ಸೆಟ್ಟಿಂಗ್ ಬದಲಿಸುವವರಲ್ಲಿ ಕೆಲವು, ಹೊಸ ಸೆಟ್ಟಿಂಗ್‌ಗೆ ಫೈಲ್ ಹುಟ್ಟಿಸುವ ಪ್ರೋಗ್ರಾಮರ್‌ಗಳಲ್ಲಿ ಇನ್ನೂ ಕೆಲವು. ನನ್ನ ಮಟ್ಟಿಗೆ ಎರಡನೆಯ ಗುಂಪಿನವೇ ದುಬಾರಿ. ಫೈಲ್ ಎಂಬ ರೂಪದಿಂದ ಹೆಸರು, ಅನುಮತಿ ಮತ್ತು ಹಳೆಯ ಕಮಾಂಡ್‌ಗಳ ಬಳಕೆ ಪುಕ್ಕಟೆಯಾಗಿ ಬರುತ್ತವೆ. ಉಳಿದದ್ದನ್ನೆಲ್ಲ ಯಾರಾದರೂ ಕೂತು ಯೋಚಿಸಲೇಬೇಕು.

ತಪ್ಪು ಕಲ್ಪನೆ: “ಇವೂ ಡಿಸ್ಕಿನಲ್ಲಿರುವ ಫೈಲ್‌ಗಳೇ. ತಿದ್ದಿ ಸೇವ್ ಮಾಡಿದರೆ ಮುಗಿಯಿತು.”

ವಾಸ್ತವ: /ಪ್ರಾಕ್ ಮತ್ತು /ಸಿಸ್ ಅಡಿಯಲ್ಲಿ ಕಾಣುವ ಯಾವ ಫೈಲೂ ಡಿಸ್ಕಿನಲ್ಲಿಲ್ಲ. ನೀವು ಓದಲು ಕೇಳಿದ ಗಳಿಗೆಯಲ್ಲಿ ಕರ್ನೆಲ್‌ನೊಳಗಿನ ಒಂದು ಫಂಕ್ಷನ್ ಓಡಿ, ಆಗ ಇರುವ ಸ್ಥಿತಿಯನ್ನು ಅಕ್ಷರಗಳಾಗಿ ಜೋಡಿಸಿ ಕೈಗೆ ಕೊಡುತ್ತದೆ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೇಳಿದ ಪ್ರಶ್ನೆಗೆ ಒಳಗಿನ ಗುಮಾಸ್ತರು ಆಗಲೇ ಲೆಕ್ಕ ನೋಡಿ ಚೀಟಿ ಬರೆದು ಕೊಟ್ಟ ಹಾಗೆ. ಚೀಟಿ ಮೊದಲೇ ಕಪಾಟಿನಲ್ಲಿ ಇರಲಿಲ್ಲ. ಹೀಗಾಗಿ ಫೈಲ್‌ಗಳ ಪಟ್ಟಿ ತೆಗೆದರೆ /ಪ್ರಾಕ್‌ನಲ್ಲಿ ಹೆಚ್ಚಿನವುಗಳ ಗಾತ್ರ 0 ಎಂದು ಕಾಣುತ್ತದೆ, /ಸಿಸ್‌ನಲ್ಲಿ ಸಾಮಾನ್ಯವಾಗಿ 4096 ಎಂದು. ಎರಡೂ ನಿಜವಲ್ಲ. ಗಾತ್ರ ನೋಡಿಕೊಂಡು ಅಷ್ಟೇ ಬೈಟ್ ಓದುವ ಪ್ರೋಗ್ರಾಂ /ಪ್ರಾಕ್‌ನಲ್ಲಿ ಏನನ್ನೂ ಓದದೆ ವಾಪಸ್ ಬರುತ್ತದೆ.

ಬರೆದದ್ದು ಉಳಿಯುವುದು ಯಂತ್ರ ಆರುವ ತನಕ ಮಾತ್ರ. /ಪ್ರಾಕ್/ಸಿಸ್ ಅಡಿಯ ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳಬೇಕೆಂದರೆ /ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್ ಅಥವಾ /ಇಟಿಸಿ/ಸಿಸ್‌ಸಿಟಿಎಲ್.ಡಿ ಎಂಬಲ್ಲಿ ಬರೆದಿಡಬೇಕು. ಇವು ನಿಜವಾದ ಫೈಲ್‌ಗಳು. ಪ್ರತಿ ಸಲ ಬೂಟ್ ಆಗುವಾಗ ಒಂದು ಪ್ರೋಗ್ರಾಂ ಇವುಗಳನ್ನು ಓದಿ, ಸಾಲು ಸಾಲಾಗಿ /ಪ್ರಾಕ್/ಸಿಸ್‌ಗೆ ಬರೆಯುತ್ತದೆ. ಇಲ್ಲೊಂದು ತೊಡಕಿದೆ. ಆ ಸಾಲು ಹೇಳುವ ಫೈಲ್ ಆಗ ಹುಟ್ಟಿಯೇ ಇರದಿದ್ದರೆ? ಕಂಟೈನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ‘ಬ್ರಿಡ್ಜ್-ಎನ್ಎಫ್-ಕಾಲ್-ಐಪಿಟೇಬಲ್ಸ್’ ಎಂಬ ಸೆಟ್ಟಿಂಗ್ ಕಾಣಿಸಿಕೊಳ್ಳುವುದೇ ‘ಬಿಆರ್_ನೆಟ್‌ಫಿಲ್ಟರ್’ ಎಂಬ ಮಾಡ್ಯೂಲ್ ಲೋಡ್ ಆದ ಮೇಲೆ. ಮಾಡ್ಯೂಲ್ ತಡವಾಗಿ ಬಂದರೆ ಬೂಟ್ ಸಮಯದ ಆ ಸಾಲು ಗಾಳಿಗೆ ಹೋಯಿತು. ಕೈಯಲ್ಲಿ ಬರೆದಾಗ ಕೆಲಸ ಮಾಡಿದ್ದು ರೀಬೂಟ್ ಆದ ಮೇಲೆ ಏಕೆ ಕೆಟ್ಟಿತು ಎಂದು ತಲೆ ಕೆಡಿಸಿಕೊಳ್ಳುವುದರ ಹಿಂದೆ ಎಷ್ಟೋ ಸಲ ಇಷ್ಟೇ ಇರುತ್ತದೆ.

ಫೈಲ್ ಬದಲಾದರೆ ತಿಳಿಸು ಎಂದು ಕೇಳುವ ಐನೋಟಿಫೈ ಕೂಡ ಇಲ್ಲಿ ನಡೆಯುವುದಿಲ್ಲ. ಡಿಸ್ಕಿನ ಫೈಲ್ ಬದಲಾಗುವುದು ಯಾರಾದರೂ ಬರೆದಾಗ. ಇಲ್ಲಿನ ಸಂಖ್ಯೆಗಳು ಯಾರೂ ಬರೆಯದೆಯೇ ಬದಲಾಗುತ್ತಿರುತ್ತವೆ.

ತಪ್ಪು ಕಲ್ಪನೆ: “ಯುನಿಕ್ಸ್‌ನಲ್ಲಿ ಎಲ್ಲವೂ ಫೈಲ್. ಇದು ಮೊದಲ ದಿನದಿಂದಲೂ ಹೀಗೇ.”

ಮೊದಲ ದಿನಗಳ ಯುನಿಕ್ಸ್‌ನಲ್ಲಿ ಯಾವ ಪ್ರೊಸೆಸ್‌ಗಳು ಓಡುತ್ತಿವೆ ಎಂದು ತೋರಿಸುವ ‘ಪಿಎಸ್’ ಕಮಾಂಡ್ ಮಾಡುತ್ತಿದ್ದ ಕೆಲಸ ಕೇಳಿದರೆ ಇವತ್ತಿನವರು ಬೆಚ್ಚಿಬೀಳುತ್ತಾರೆ. ಅದು ನೇರವಾಗಿ ಯಂತ್ರದ ಮೆಮೊರಿಯನ್ನು ತೆರೆದು, ಕರ್ನೆಲ್‌ನ ಪಟ್ಟಿ ಯಾವ ವಿಳಾಸದಲ್ಲಿದೆ ಎಂದು ಹುಡುಕಿ, ಬೈಟ್‌ಗಳನ್ನು ಕೆದಕಿ ಓದುತ್ತಿತ್ತು. ಕರ್ನೆಲ್‌ನ ಒಳಗಿನ ರಚನೆ ಬದಲಾದರೆ ‘ಪಿಎಸ್’ ಅನ್ನೂ ಮತ್ತೆ ಕಂಪೈಲ್ ಮಾಡಬೇಕು.

ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲಿ ಪ್ರೊಸೆಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಬಗ್ಗೆ ಪ್ರಬಂಧ ಮಂಡಿಸಿದರು. ಎಂಟನೇ ಆವೃತ್ತಿಯ ಯುನಿಕ್ಸ್‌ನಲ್ಲಿ /ಪ್ರಾಕ್ ಬಂದದ್ದು ಹಾಗೆ. ಆಗ ಅದರ ಉದ್ದೇಶ ಸೆಟ್ಟಿಂಗ್ ಅಲ್ಲ, ಡೀಬಗರ್‌ಗಳಿಗೆ ಅನುಕೂಲ ಮಾಡಿಕೊಡುವುದು. ಒಳಗಿದ್ದದ್ದೂ ಓದಬಲ್ಲ ಅಕ್ಷರಗಳಲ್ಲ, ಪ್ರೊಸೆಸ್‌ನ ಮೆಮೊರಿಯೇ. ಅದೇ ಬೆಲ್ ಲ್ಯಾಬ್ಸ್‌ನಲ್ಲಿ ರಾಬ್ ಪೈಕ್, ಕೆನ್ ಥಾಂಪ್ಸನ್ ಮತ್ತು ಸಂಗಡಿಗರು ಕಟ್ಟಿದ ‘ಪ್ಲಾನ್ 9’ ಈ ಯೋಚನೆಯನ್ನು ಕೊನೆಯ ತನಕ ಎಳೆದುಕೊಂಡು ಹೋಯಿತು. ಅಲ್ಲಿ ನೆಟ್‌ವರ್ಕ್ ಸಂಪರ್ಕವೂ ಫೈಲ್: ‘ಕ್ಲೋನ್’ ಎಂಬ ಫೈಲ್ ತೆರೆದರೆ ಹೊಸ ಸಂಪರ್ಕವೊಂದು ಹುಟ್ಟುತ್ತದೆ, ಓದಿದರೆ ಅದರ ನಂಬರ್ ಸಿಗುತ್ತದೆ, ಆ ನಂಬರಿನ ಡೈರೆಕ್ಟರಿಯ ‘ಸಿಟಿಎಲ್’ ಫೈಲಿಗೆ ಯಾವ ವಿಳಾಸಕ್ಕೆ ಹೋಗಬೇಕೆಂದು ಬರೆದರೆ ಸಂಪರ್ಕ ಬೆಳೆಯುತ್ತದೆ. ಪ್ಲಾನ್ 9 ಬಳಕೆಗೆ ಬಂದದ್ದು ಕಡಿಮೆ. ಲಿನಕ್ಸ್ ಅದರಿಂದ ಪಡೆದದ್ದು ಕಡಿಮೆಯಲ್ಲ.

ಯುನಿಕ್ಸ್‌ನ ಇನ್ನೊಂದು ಕವಲಾದ ಬಿಎಸ್‌ಡಿಯವರು ಹಿಡಿದ ದಾರಿಯೇ ಬೇರೆ. 4.4ಬಿಎಸ್‌ಡಿಯಲ್ಲಿ ಅವರು ಸಿಸ್‌ಸಿಟಿಎಲ್ ಎಂಬ ಸಿಸ್ಟಮ್ ಕಾಲ್ ತಂದರು. ಪ್ರತಿ ಸೆಟ್ಟಿಂಗ್‌ಗೂ ಅಂಕಿಗಳ ಸರಣಿಯೇ ವಿಳಾಸ. ಲಿನಕ್ಸ್ ಎರಡನ್ನೂ ತೆಗೆದುಕೊಂಡಿತು. ಫೈಲ್ ರೂಪ ಊರೆಲ್ಲ ಬಳಕೆಗೆ ಬಂತು, ಅಂಕಿಗಳ ರೂಪವನ್ನು ಕೇಳುವವರಿರಲಿಲ್ಲ. ಹೊಸ ಸೆಟ್ಟಿಂಗ್ ಬಂದಾಗಲೆಲ್ಲ ಯಾರಿಗೂ ಡಿಕ್ಕಿಯಾಗದ ಹೊಸ ಅಂಕಿ ಹುಡುಕುವುದೊಂದು ರಗಳೆ; ಹೆಸರಿಗಾದರೆ ಆ ಕಷ್ಟವಿಲ್ಲ. ಕೊನೆಗೆ 2020ರ ಜನವರಿಯಲ್ಲಿ ಬಂದ ಲಿನಕ್ಸ್ 5.5ರಲ್ಲಿ ಆ ಸಿಸ್ಟಮ್ ಕಾಲ್ ಅನ್ನೇ ಕಿತ್ತುಹಾಕಿದರು. ಇತ್ತ ಓಪನ್‌ಬಿಎಸ್‌ಡಿಯವರು 2015ರ 5.7ರಲ್ಲಿ /ಪ್ರಾಕ್ ಅನ್ನೇ ತೆಗೆದುಹಾಕಿ, ಸಿಸ್‌ಸಿಟಿಎಲ್ ಸಾಕು ಎಂದರು. ಇಬ್ಬರ ಯಂತ್ರಗಳೂ ಚೆನ್ನಾಗಿಯೇ ಓಡುತ್ತಿವೆ.

ತಪ್ಪು ಕಲ್ಪನೆ: “ಅಕ್ಷರಗಳಲ್ಲಿದೆ ಅಂದಮೇಲೆ ಯಾರು ಬೇಕಾದರೂ ಓದಬಹುದು. ಫಾರ್ಮ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.”

ಮನುಷ್ಯರು ಓದಬಹುದು, ಸರಿ. ಆದರೆ ಈ ಫೈಲ್‌ಗಳನ್ನು ಹೆಚ್ಚಾಗಿ ಓದುವುದು ಪ್ರೋಗ್ರಾಂಗಳು. ಒಂದನ್ನು ಹತ್ತಿರದಿಂದ ನೋಡೋಣ. ಪ್ರತಿ ಪ್ರೊಸೆಸ್‌ಗೂ /ಪ್ರಾಕ್‌ನಲ್ಲಿ ‘ಸ್ಟ್ಯಾಟ್’ ಎಂಬ ಫೈಲ್ ಇದೆ. ಒಂದೇ ಸಾಲು, ಅದರಲ್ಲಿ 52 ಅಂಶಗಳು, ನಡುವೆ ಸ್ಪೇಸ್. ಮೊದಲನೆಯದು ಪ್ರೊಸೆಸ್ ನಂಬರ್, ಎರಡನೆಯದು ಕಂಸದೊಳಗೆ ಪ್ರೋಗ್ರಾಂ ಹೆಸರು, ಮೂರನೆಯದು ಸ್ಥಿತಿ. ಸ್ಪೇಸ್ ಇದ್ದಲ್ಲಿ ಕತ್ತರಿಸಿದರೆ ಆಯಿತು ಎಂದು ಎಲ್ಲರಿಗೂ ಮೊದಲು ಅನ್ನಿಸುವುದು ಸಹಜ. ಆದರೆ ಪ್ರೋಗ್ರಾಂ ಹೆಸರಿನೊಳಗೇ ಸ್ಪೇಸ್ ಇರಬಹುದು, ಮುಚ್ಚುವ ಕಂಸವೂ ಇರಬಹುದು. ಪ್ರೊಸೆಸ್ ತನ್ನ ಹೆಸರನ್ನು ತಾನೇ ಬದಲಿಸಿಕೊಳ್ಳಬಹುದು. ಆಗ ಮೂರನೆಯದು ಎಂದುಕೊಂಡದ್ದು ಹೆಸರಿನ ತುಂಡಾಗಿರುತ್ತದೆ, ಮುಂದಿನ ಐವತ್ತೂ ಜಾಗ ತಪ್ಪುತ್ತವೆ. ಸರಿಯಾಗಿ ಓದುವ ದಾರಿ ಒಂದೇ: ಸಾಲಿನ ಕೊನೆಯಿಂದ ಹಿಂದಕ್ಕೆ ಬಂದು ಕಟ್ಟಕಡೆಯ ಮುಚ್ಚುವ ಕಂಸ ಹುಡುಕಿ, ಅಲ್ಲಿಂದ ಎಣಿಸುವುದು. ಈ ಫಾರ್ಮ್ಯಾಟ್ ಅನ್ನು ಈಗ ತಿದ್ದುವಂತೆಯೂ ಇಲ್ಲ. ಹೊಸ ಅಂಶ ಸೇರಿಸಬೇಕೆಂದರೆ ಬಾಲಕ್ಕೆ ಮಾತ್ರ.

ಇದಕ್ಕೆ ಎದುರಾಗಿ ‘ಮೆಮ್‌ಇನ್ಫೋ’ ನೋಡಿ. ಅಲ್ಲಿ ಸಾಲಿಗೊಂದು ಹೆಸರು, ಕೋಲನ್, ಸಂಖ್ಯೆ. ಎಷ್ಟು ಮೆಮೊರಿ ಖಾಲಿ ಇದೆ ಎಂದು ತಿಳಿಯಲು ಜನ ಬಹಳ ಕಾಲ ‘ಮೆಮ್‌ಫ್ರೀ’ಗೆ ‘ಕ್ಯಾಶ್ಡ್’ ಅನ್ನು ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಕ್ಯಾಶ್‌ನಲ್ಲಿರುವುದೆಲ್ಲ ಬಿಡಿಸಿಕೊಳ್ಳಲು ಬರುವಂಥದಲ್ಲವಾದ್ದರಿಂದ ಆ ಲೆಕ್ಕ ತಪ್ಪುತ್ತಿತ್ತು. 2014ರಲ್ಲಿ ಬಂದ ಲಿನಕ್ಸ್ 3.14ರಲ್ಲಿ ‘ಮೆಮ್‌ಅವೈಲಬಲ್’ ಎಂಬ ಹೊಸ ಸಾಲನ್ನು ಪಟ್ಟಿಯ ನಡುವೆಯೇ ತೂರಿಸಿದರು. ಹೆಸರು ನೋಡಿ ಓದುತ್ತಿದ್ದ ಪ್ರೋಗ್ರಾಂಗಳಿಗೆ ಏನೂ ಆಗಲಿಲ್ಲ. ಸ್ಥಾನ ನೋಡಿ ಓದುವುದಕ್ಕೂ ಹೆಸರು ನೋಡಿ ಓದುವುದಕ್ಕೂ ಇರುವ ಅಂತರ ಇಷ್ಟು. ಅದೇ ಮೆಮ್‌ಇನ್ಫೋದಲ್ಲಿ ಸಂಖ್ಯೆಗಳ ಮುಂದೆ ಕಿಲೋಬೈಟ್ ಎಂದಿದೆ; ಲೆಕ್ಕ ಮಾತ್ರ 1000ದ್ದಲ್ಲ, 1024 ಬೈಟ್‌ಗಳದ್ದು. ಅದನ್ನೂ ಈಗ ಮುಟ್ಟುವಂತಿಲ್ಲ.

ಅಳತೆಯ ಮಾನಗಳ ಗೊಂದಲ ಇನ್ನೊಂದು. ‘ಟಿಸಿಪಿ_ಕೀಪ್‌ಅಲೈವ್_ಟೈಮ್’ನಲ್ಲಿ 7200 ಎಂದಿದ್ದರೆ ಅದು ಸೆಕೆಂಡುಗಳು, ಅಂದರೆ ಎರಡು ಗಂಟೆ. ‘ಟಿಸಿಪಿ_ಆರ್‌ಮೆಮ್’ನ ಸಂಖ್ಯೆಗಳು ಬೈಟ್‌ಗಳು. ಅದರ ಪಕ್ಕದಲ್ಲೇ ಇರುವ ‘ಟಿಸಿಪಿ_ಮೆಮ್’ನ ಸಂಖ್ಯೆಗಳು ಪೇಜ್‌ಗಳು, ಸಾಮಾನ್ಯವಾಗಿ ಒಂದೊಂದೂ 4096 ಬೈಟ್. ಬೈಟ್ ಎಂದುಕೊಂಡು ಇಲ್ಲಿ ಬರೆದವರು ತಾವು ಅಂದುಕೊಂಡದ್ದರ ನಾಲ್ಕು ಸಾವಿರ ಪಟ್ಟು ಕೊಟ್ಟಿರುತ್ತಾರೆ. ‘ಡರ್ಟಿ_ರೈಟ್‌ಬ್ಯಾಕ್_ಸೆಂಟಿಸೆಕ್ಸ್’ ಎಂಬುದು ನಾಲಿಗೆ ಹೊರಳದ ಹೆಸರು ನಿಜ, ಆದರೆ ಅಲ್ಲಿನ 500 ಎಂದರೆ ಐದು ಸೆಕೆಂಡು ಎಂದು ಹೆಸರೇ ಹೇಳುತ್ತದೆ. ನಾನಾದರೆ ಚಂದದ ಹೆಸರಿಗಿಂತ ಇದನ್ನೇ ಆರಿಸುತ್ತೇನೆ.

‘ಮಿತಿಯಿಲ್ಲ’ ಎನ್ನುವುದನ್ನು ಹೇಗೆ ಬರೆಯುವುದು? ಪ್ರೊಸೆಸ್‌ಗಳ ಗುಂಪಿಗೆ ಸಿಪಿಯು, ಮೆಮೊರಿ ಹಂಚುವ ಸಿಗ್ರೂಪ್‌ನ ಮೊದಲ ಆವೃತ್ತಿಯಲ್ಲಿ ಮೆಮೊರಿಗೆ ಮಿತಿ ಹಾಕದಿದ್ದರೆ ಫೈಲಿನಲ್ಲಿ 9223372036854771712 ಎಂದು ಕಾಣುತ್ತಿತ್ತು. ಚಿಹ್ನೆಗೂ ಜಾಗವಿರುವ (ಸೈನ್ಡ್) 64 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯನ್ನು ಪೇಜ್ ಗಾತ್ರಕ್ಕೆ ಇಳಿಸಿ ಬರೆದದ್ದು. ಇದನ್ನು ನಿಜವಾದ ಮಿತಿ ಎಂದು ನಂಬಿ ಅದರ ಪರ್ಸೆಂಟ್ ಲೆಕ್ಕ ಹಾಕುವ ಪ್ರೋಗ್ರಾಂಗೆ ಏನು ಹೇಳೋಣ! ಎರಡನೇ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ‘ಮ್ಯಾಕ್ಸ್’ ಎಂಬ ಪದವಿದೆ, ಅಷ್ಟೇ.

ತಪ್ಪು ಕಲ್ಪನೆ: “ಒಂದು ಫೈಲಿಗೆ ಒಂದೇ ಮೌಲ್ಯ. ಈ ನಿಯಮ ಪಾಲಿಸಿದರೆ ವಿನ್ಯಾಸ ತಾನಾಗಿಯೇ ಸರಿಹೋಗುತ್ತದೆ.”

ಈ ನಿಯಮ ಹುಟ್ಟಿದ್ದಕ್ಕೆ ಕಾರಣವಿತ್ತು. ತೊಂಬತ್ತರ ದಶಕದಲ್ಲಿ /ಪ್ರಾಕ್ ಒಂದು ಸಂತೆಯಾಗಿತ್ತು. ಯಾವ ಡ್ರೈವರ್ ಬರೆದವರೂ ತಮಗೆ ತೋಚಿದ ಆಕಾರದಲ್ಲಿ ಪುಟಗಟ್ಟಲೆ ಸುರಿಯುತ್ತಿದ್ದರು. ಪ್ಯಾಟ್ರಿಕ್ ಮೋಚೆಲ್ 2.5ರ ಕಾಲದಲ್ಲಿ ಡ್ರೈವರ್‌ಗಳಿಗೆಂದು ಬೇರೆ ಫೈಲ್‌ಸಿಸ್ಟಮ್ ಬರೆದರು. ಅದೇ ಸಿಸ್‌ಎಫ್‌ಎಸ್ ಆಗಿ, 2003ರ ಡಿಸೆಂಬರ್‌ನಲ್ಲಿ ಹೊರಬಂದ 2.6ರ ಜೊತೆ ಎಲ್ಲರ ಯಂತ್ರಗಳಿಗೂ ಬಂತು. ಒಂದು ಫೈಲ್, ಒಂದು ಮೌಲ್ಯ ಎಂಬ ಶಿಸ್ತು ಬಂದದ್ದು ಅಲ್ಲಿ. ಸಂತೆ ತಕ್ಕಮಟ್ಟಿಗೆ ಅಚ್ಚುಕಟ್ಟಾಯಿತು. ಮೇಲೆ ಹೇಳಿದ ಬ್ರೈಟ್‌ನೆಸ್ ಫೈಲ್ ಅಷ್ಟು ಸರಳವಾಗಿರುವುದು ಈ ಶಿಸ್ತಿನಿಂದಲೇ.

ಆದರೆ ಎರಡು ಸಂಖ್ಯೆಗಳು ಸೇರಿಯೇ ಅರ್ಥ ಕೊಡುವ ಕಡೆ ಈ ನಿಯಮ ಕೈಕೊಡುತ್ತದೆ. ಸಿಗ್ರೂಪ್‌ನ ಮೊದಲ ಆವೃತ್ತಿಯಲ್ಲಿ ಸಿಪಿಯು ಮಿತಿಗೆ ಎರಡು ಫೈಲ್‌ಗಳಿದ್ದವು: ಅವಧಿ ಎಷ್ಟು ಮೈಕ್ರೋಸೆಕೆಂಡ್, ಆ ಅವಧಿಯಲ್ಲಿ ಈ ಗುಂಪಿಗೆ ಎಷ್ಟು ಪಾಲು. ಅವಧಿ 100000, ಪಾಲು 50000 ಇದ್ದರೆ ಅರ್ಧ ಸಿಪಿಯು. ಅರ್ಧವನ್ನೇ ಉಳಿಸಿಕೊಂಡು ಅವಧಿಯನ್ನು ಮಾತ್ರ 400000ಕ್ಕೆ ಏರಿಸಬೇಕು ಎನ್ನಿ. ಪಾಲು 200000 ಆಗಬೇಕು. ಮೊದಲು ಪಾಲು ಬರೆದರೆ, ಎರಡನೆಯದನ್ನು ಬರೆಯುವ ತನಕ ಆ ಗುಂಪಿಗೆ ಎರಡು ಪೂರ್ತಿ ಸಿಪಿಯು. ಮೊದಲು ಅವಧಿ ಬರೆದರೆ ಎಂಟರಲ್ಲಿ ಒಂದು ಪಾಲು ಮಾತ್ರ. ಬೇಕಿದ್ದದ್ದು ಅರ್ಧ, ಆದರೆ ನಡುವೆ ಅರ್ಧ ಇರುವ ದಾರಿಯೇ ಇಲ್ಲ. ಮೇಲಿನ ಗುಂಪಿನ ಮಿತಿ ಒಂದೇ ಸಿಪಿಯು ಆಗಿದ್ದರೆ ಪಾಲನ್ನು ಮೊದಲು ಬರೆಯುವ ಆ ಬರಹವನ್ನು ಕರ್ನೆಲ್ ತಿರಸ್ಕರಿಸಿಬಿಡುತ್ತದೆ. ತಲುಪಬೇಕಾದ ಮೌಲ್ಯ ಸರಿಯಾಗಿಯೇ ಇದ್ದರೂ ಬರೆಯುವ ಕ್ರಮ ತಪ್ಪಿದ್ದಕ್ಕೆ ಎರರ್.

2016ರಲ್ಲಿ 4.5ರ ಜೊತೆ ಅಧಿಕೃತವಾದ ಎರಡನೇ ಆವೃತ್ತಿಯಲ್ಲಿ ಇವೆರಡನ್ನೂ ‘ಸಿಪಿಯು.ಮ್ಯಾಕ್ಸ್’ ಎಂಬ ಒಂದೇ ಫೈಲಿಗೆ ತಂದರು. ಒಂದೇ ಸಾಲು, ಎರಡು ಸಂಖ್ಯೆ, ಒಂದೇ ಬರಹದಲ್ಲಿ ಎರಡೂ ಬದಲು. ನೆಟ್‌ವರ್ಕ್‌ನ ‘ಐಪಿ_ಲೋಕಲ್_ಪೋರ್ಟ್_ರೇಂಜ್’ ಮೊದಲಿನಿಂದಲೂ ಹೀಗೆಯೇ ಇದೆ. ಅದರ ಎಂದಿನ ಮೌಲ್ಯ 32768 ಮತ್ತು 60999. ಕೆಳಗಿನ ಗಡಿ ಮೇಲಿನದಕ್ಕಿಂತ ದೊಡ್ಡದಾಗಿರುವ ಒಂದು ಕ್ಷಣವೂ ಇರಕೂಡದು ಎಂದಾದರೆ ಬೇರೆ ದಾರಿಯಿಲ್ಲ. ಒಟ್ಟಿಗೆ ಬದಲಾಗಬೇಕಾದ್ದು ಒಂದೇ ಫೈಲಿನಲ್ಲಿರಲಿ, ಬೇರೆ ಬೇರೆಯಾಗಿ ಬದಲಾಗಬಲ್ಲದ್ದು ಬೇರೆ ಫೈಲಿನಲ್ಲಿರಲಿ. ‘ಒಂದು ಮೌಲ್ಯ’ ಎಂಬುದನ್ನು ನಾನು ಓದಿಕೊಳ್ಳುವುದು ಹೀಗೆ.

ಇನ್ನು ಡಿಸ್ಕ್‌ನ ‘ಷೆಡ್ಯೂಲರ್’ ಫೈಲ್‌ನಂಥವೂ ಇವೆ. ಓದಿದರೆ ಆಯ್ಕೆಗಳೆಲ್ಲ ಸಾಲಾಗಿ ಬಂದು, ಈಗಿನದು ಚೌಕ ಕಂಸದಲ್ಲಿರುತ್ತದೆ. ಬರೆಯುವಾಗ ಒಂದೇ ಹೆಸರು ಬರೆಯಬೇಕು. ಓದಿದ್ದನ್ನೇ ಹಾಗೇ ವಾಪಸ್ ಬರೆಯಲು ಬರುವುದಿಲ್ಲ. ಕಣ್ಣಿಗೆ ಅನುಕೂಲ, ಸ್ಕ್ರಿಪ್ಟ್‌ಗೆ ಕಿರಿಕಿರಿ.

ತಪ್ಪು ಕಲ್ಪನೆ: “ಬರೆಯುವುದು ಎಂದರೆ ಒಂದು ಸಂಖ್ಯೆಯನ್ನು ಇಡುವುದು, ಅಷ್ಟೇ.”

‘ಡ್ರಾಪ್_ಕ್ಯಾಶಸ್’ ಫೈಲಿಗೆ 3 ಎಂದು ಬರೆದರೆ ಏನೂ ಇಟ್ಟಂತಾಗುವುದಿಲ್ಲ. ಕರ್ನೆಲ್ ತನ್ನಲ್ಲಿರುವ ಕ್ಯಾಶ್‌ನಲ್ಲಿ ಬಿಡಬಹುದಾದದ್ದನ್ನು ಆಗಲೇ ಬಿಟ್ಟುಬಿಡುತ್ತದೆ. ಅದು ಆಜ್ಞೆ. ಆದರೂ ಬಹಳ ವರ್ಷ ಆ ಫೈಲನ್ನು ಓದಿದರೆ ಕೊನೆಗೆ ಬರೆದಿದ್ದ 3 ಎದ್ದು ಬರುತ್ತಿತ್ತು. ನೋಡಿದವರು ‘ಅಯ್ಯೋ, ಕ್ಯಾಶ್ ಆಫ್ ಆಗಿಬಿಟ್ಟಿದೆ’ ಎಂದುಕೊಂಡು 0 ಬರೆಯಲು ಹೊರಡುತ್ತಿದ್ದರು. ಮುಂದೆ ಅದನ್ನು ಬರೆಯಲು ಮಾತ್ರ ಬರುವ ಫೈಲ್ ಆಗಿ ಮಾಡಿದರು. ಮೊದಲೇ ಮಾಡಬೇಕಿತ್ತು.

‘ಡರ್ಟಿ_ರೇಷಿಯೋ’ ಮತ್ತು ‘ಡರ್ಟಿ_ಬೈಟ್ಸ್’ ಒಂದೇ ಮಿತಿಯನ್ನು ಹೇಳುವ ಎರಡು ಬಗೆ: ಡಿಸ್ಕಿಗೆ ಇನ್ನೂ ಹೋಗದ ಡೇಟಾ ಮೆಮೊರಿಯಲ್ಲಿ ಎಷ್ಟು ಇರಬಹುದು ಎಂಬುದನ್ನು ಒಂದು ಪರ್ಸೆಂಟ್‌ನಲ್ಲಿ ಹೇಳುತ್ತದೆ, ಇನ್ನೊಂದು ಬೈಟ್‌ನಲ್ಲಿ. ಒಂದಕ್ಕೆ ಬರೆದ ತಕ್ಷಣ ಇನ್ನೊಂದು 0 ಎಂದು ತೋರಿಸುತ್ತದೆ. ದೊಡ್ಡ ಮೆಮೊರಿಯ ಯಂತ್ರಗಳಲ್ಲಿ ಒಂದು ಪರ್ಸೆಂಟ್ ಕೂಡ ತೀರಾ ಹೆಚ್ಚು ಎನಿಸಿದ್ದರಿಂದ ಎರಡನೆಯದು ಆಮೇಲೆ ಬಂತು, ಮೊದಲನೆಯದನ್ನು ತೆಗೆಯುವಂತಿರಲಿಲ್ಲ. ಎಲ್ಲಕ್ಕಿಂತ ಮೋಸದ್ದು ‘ಐಪಿ_ಫಾರ್ವರ್ಡ್’. ನೋಡಲು 0 ಅಥವಾ 1. ಯಂತ್ರವನ್ನು ರೌಟರ್ ಆಗಿ ಮಾಡುವ ಆ ಒಂದು ಅಂಕಿ ಬದಲಾದರೆ ನೆಟ್‌ವರ್ಕ್‌ನ ಬೇರೆ ಕೆಲವು ಸೆಟ್ಟಿಂಗ್‌ಗಳೂ ರೌಟರ್‌ಗೆ ತಕ್ಕ ಅಥವಾ ಸಾಮಾನ್ಯ ಯಂತ್ರಕ್ಕೆ ತಕ್ಕ ಡಿಫಾಲ್ಟ್‌ಗೆ ತಿರುಗುತ್ತವೆ ಎಂದು ಕರ್ನೆಲ್‌ನ ದಾಖಲೆಯಲ್ಲೇ ಬರೆದಿದೆ. ಅಂದಮೇಲೆ ಇದನ್ನು ಮೊದಲು ಬರೆದು ಉಳಿದವನ್ನು ಆಮೇಲೆ ಬರೆಯಬೇಕು. ಫೈಲ್ ನೋಡಿದರೆ ಇದು ಗೊತ್ತಾಗುವ ಬಗೆಯೇ ಇಲ್ಲ.

ಬರೆಯುವ ಕ್ರಿಯೆಯಲ್ಲೇ ಜನ ಎಡವುವ ಎರಡು ಜಾಗ ಹೇಳಿಬಿಡುತ್ತೇನೆ. ‘ಎಕೋ 1>’ ಎಂದು ಅಂಕಿಯನ್ನೂ ಬಾಣವನ್ನೂ ಅಂಟಿಸಿ ಬರೆದರೆ ಶೆಲ್ ಆ 1 ಅನ್ನು ಔಟ್‌ಪುಟ್‌ನ ನಂಬರ್ ಎಂದು ತಿಳಿಯುತ್ತದೆ; ಫೈಲಿಗೆ ಹೋಗುವುದು ಖಾಲಿ ಸಾಲು. ನಡುವೆ ಸ್ಪೇಸ್ ಬೇಕು. ‘ಸುಡೋ ಎಕೋ 1 >’ ಎಂದು ಬರೆದು ಅನುಮತಿ ಇಲ್ಲ ಎಂಬ ಸಂದೇಶ ನೋಡಿ ಕಂಗಾಲಾಗುವವರೂ ಇದ್ದಾರೆ: ಸುಡೋ ಅನ್ವಯಿಸಿದ್ದು ಎಕೋಗೆ, ಫೈಲ್ ತೆರೆದದ್ದು ಮಾತ್ರ ನಿಮ್ಮದೇ ಸಾಮಾನ್ಯ ಶೆಲ್. ‘ಟೀ’ ಕಮಾಂಡ್‌ಗೆ ಸುಡೋ ಕೊಟ್ಟರೆ ಸರಿಯಾಗುತ್ತದೆ.

ವಿನ್ಯಾಸದ ಕಡೆಯಿಂದಲೂ ಒಂದು ಕಥೆ ಇದೆ. ಫೈಲ್ ಎಂದಮೇಲೆ ಅದನ್ನು ತುಂಡು ತುಂಡಾಗಿ ಬರೆಯಬಹುದಲ್ಲ? ಒಂದು ಉದ್ದದ ಮೌಲ್ಯವನ್ನು ಎರಡು ಸಲಕ್ಕೆ ಬರೆದರೆ ಹಳೆಯ ಲಿನಕ್ಸ್‌ನ /ಪ್ರಾಕ್/ಸಿಸ್ ಎರಡನೇ ತುಂಡನ್ನೇ ಪೂರ್ತಿ ಮೌಲ್ಯ ಎಂದು ತಿಳಿಯುತ್ತಿತ್ತು. ಎಲ್ಲಿಂದ ಬರೆಯುತ್ತಿದ್ದೀರಿ ಎಂಬುದನ್ನು ಗಮನಿಸುತ್ತಲೇ ಇರಲಿಲ್ಲ. ಇದನ್ನು ಸರಿಪಡಿಸಲು ‘ಸಿಸ್‌ಸಿಟಿಎಲ್_ರೈಟ್ಸ್_ಸ್ಟ್ರಿಕ್ಟ್’ ಎಂಬ ಇನ್ನೊಂದು ಸೆಟ್ಟಿಂಗ್ ತಂದರು, 4.5ರಲ್ಲಿ ಅದನ್ನೇ ಡಿಫಾಲ್ಟ್ ಮಾಡಿದರು. ಸೆಟ್ಟಿಂಗ್ ಬರೆಯುವ ರೀತಿಗೇ ಒಂದು ಸೆಟ್ಟಿಂಗ್!

ತಪ್ಪು ಕಲ್ಪನೆ: “ಫೈಲಿಗೆ ಅನುಮತಿ ಇದೆಯಲ್ಲ, ಭದ್ರತೆಗೆ ಅಷ್ಟು ಸಾಕು.”

‘ಕೋರ್_ಪ್ಯಾಟರ್ನ್’ ಎಂಬ ಫೈಲ್ ನೋಡಿ. ಪ್ರೋಗ್ರಾಂ ಕುಸಿದು ಬಿದ್ದಾಗ ಅದರ ಮೆಮೊರಿಯ ನಕಲನ್ನು ಯಾವ ಹೆಸರಿನಲ್ಲಿ ಉಳಿಸಬೇಕು ಎಂದು ಹೇಳುವ ಮುಗ್ಧ ಸೆಟ್ಟಿಂಗ್ ಅದು. ಆದರೆ ಮೊದಲ ಅಕ್ಷರ ಪೈಪ್ ಚಿಹ್ನೆಯಾಗಿದ್ದರೆ ಮುಂದಿನದು ಹೆಸರಲ್ಲ, ಓಡಿಸಬೇಕಾದ ಪ್ರೋಗ್ರಾಂ. ಅದನ್ನು ಓಡಿಸುವುದು ಸ್ವತಃ ಕರ್ನೆಲ್, ರೂಟ್ ಅಧಿಕಾರದಲ್ಲಿ. ಅಲ್ಲಿಗೆ ಈ ಫೈಲಿಗೆ ಬರೆಯಬಲ್ಲವರು ಯಂತ್ರದ ಒಡೆಯರೇ ಸರಿ.

ಇದಕ್ಕೆ, ಒಂದೇ ಕರ್ನೆಲ್ ಮೇಲೆ ಪ್ರತ್ಯೇಕ ಯಂತ್ರಗಳಂತೆ ಓಡುವ ಕಂಟೈನರ್‌ಗಳನ್ನು ಸೇರಿಸಿದರೆ ವಿಷಯ ಇನ್ನೂ ಬಿಗಡಾಯಿಸುತ್ತದೆ. ಒಂದೇ ಹೆಸರಿನ ಫೈಲ್ ಓದುವವರು ಯಾರು ಎನ್ನುವುದರ ಮೇಲೆ ಬೇರೆ ಬೇರೆ ಉತ್ತರ ಕೊಡಬಹುದು. ಯಂತ್ರದ ಹೆಸರು, ಐಪಿ_ಫಾರ್ವರ್ಡ್ ಇವೆಲ್ಲ ಕಂಟೈನರ್‌ಗೆ ಕಂಟೈನರ್‌ಗೆ ಬೇರೆ. ಕೋರ್_ಪ್ಯಾಟರ್ನ್ ಹಾಗಲ್ಲ, ಇಡೀ ಯಂತ್ರಕ್ಕೆ ಒಂದೇ. ಎರಡೂ ಅಕ್ಕಪಕ್ಕದ ಡೈರೆಕ್ಟರಿಗಳಲ್ಲಿವೆ, ನೋಡಲು ಒಂದೇ ಥರ. ಕಂಟೈನರ್‌ನೊಳಗೆ ಕೂತು ಕೋರ್_ಪ್ಯಾಟರ್ನ್ ಬದಲಿಸಲು ಬಂದರೆ ಗೋಡೆ ಹಾರಿದಂತೆಯೇ. ಕಂಟೈನರ್ ಓಡಿಸುವ ಡಾಕರ್ ಸಾಮಾನ್ಯವಾಗಿ /ಪ್ರಾಕ್/ಸಿಸ್ ಅನ್ನು ಓದಲು ಮಾತ್ರ ಬರುವಂತೆ ಜೋಡಿಸುವುದು ಇದಕ್ಕೇ. ಹೊಸ ಸೆಟ್ಟಿಂಗ್ ಸೇರಿಸುವವರು ಇದು ಯಂತ್ರದ್ದೋ, ಕಂಟೈನರ್‌ನದ್ದೋ ಎಂಬ ಪ್ರಶ್ನೆಯನ್ನು ಹೆಸರಿಡುವ ಮೊದಲೇ ಕೇಳಿಕೊಳ್ಳಬೇಕು.

ತಪ್ಪು ಕಲ್ಪನೆ: “ಅಕ್ಷರಗಳ ಫೈಲ್ ನಿಧಾನ. ಆದ್ದರಿಂದ ಇಡೀ ಯೋಚನೆಯೇ ತಪ್ಪು.”

ನಿಧಾನ ಹೌದು. ತೆರೆಯಬೇಕು, ಓದಬೇಕು, ಮುಚ್ಚಬೇಕು. ಕರ್ನೆಲ್ ಅಂಕಿಯನ್ನು ಅಕ್ಷರ ಮಾಡಬೇಕು, ಪ್ರೋಗ್ರಾಂ ಅಕ್ಷರವನ್ನು ಮತ್ತೆ ಅಂಕಿ ಮಾಡಬೇಕು. ಆದರೆ ಬೂಟ್ ಆಗುವಾಗ ಒಮ್ಮೆ ಬರೆಯುವ ಸೆಟ್ಟಿಂಗ್‌ಗೆ ಇದು ಲೆಕ್ಕಕ್ಕೇ ಬಾರದು. ಕಷ್ಟ ಬರುವುದು ಸಾವಿರಾರು ಪ್ರೊಸೆಸ್‌ಗಳ ಅಂಕಿಅಂಶವನ್ನು ಪದೇ ಪದೇ ಓದುವ ಕಡೆ. ಆ ಕಡೆಗಳಲ್ಲಿ ಬೇರೆ ಬಾಗಿಲು ತೆರೆದಿದ್ದಾರೆ: ಮೆಮೊರಿ ವಿವರಗಳ ಮೊತ್ತವನ್ನು ಕರ್ನೆಲ್ಲೇ ಕೂಡಿಸಿ ಕೊಡುವ ‘ಸ್ಮ್ಯಾಪ್ಸ್_ರೋಲ್‌ಅಪ್’ 4.14ರಲ್ಲಿ ಬಂತು, ‘ಮ್ಯಾಪ್ಸ್’ ಫೈಲನ್ನು ಅಕ್ಷರವಾಗಿ ಓದದೆ ನೇರ ಪ್ರಶ್ನೆ ಕೇಳುವ ಐಯೋಕಂಟ್ರೋಲ್ 6.11ರಲ್ಲಿ.

ತಪ್ಪು ಕಲ್ಪನೆ: “ಇದು ಕರ್ನೆಲ್‌ನ ಒಳಗಿನ ವಿಷಯ. ಬೇಡವೆನಿಸಿದರೆ ತೆಗೆದರಾಯಿತು.”

ಎಆರ್‌ಎಂ ಪ್ರೊಸೆಸರ್‌ಗಳ ಯಂತ್ರಗಳಲ್ಲಿ /ಪ್ರಾಕ್/ಸಿಪಿಯುಇನ್ಫೋದಿಂದ ‘ಬೋಗೋಮಿಪ್ಸ್’ ಎಂಬ ಸಾಲನ್ನು 2013ರಲ್ಲಿ ತೆಗೆದರು. ಆ ಸಂಖ್ಯೆಗೆ ಅರ್ಥವಿಲ್ಲ, ಹೆಸರಿನಲ್ಲೇ ‘ಬೋಗಸ್’ ಇದೆ. ಯಾರು ತಾನೇ ಇದನ್ನು ನೆಚ್ಚಿಕೊಂಡಿರುತ್ತಾರೆ? ಇದ್ದರು. ಪ್ರೋಗ್ರಾಂಗಳು ಮುರಿದವು, 2015ರ ಜನವರಿಯಲ್ಲಿ ಆ ಸಾಲು ವಾಪಸ್ ಬಂತು. ಬಳಕೆದಾರರ ಪ್ರೋಗ್ರಾಂ ಮುರಿಯಬಾರದು ಎಂಬ ಲಿನಸ್ ಟೋರ್ವಾಲ್ಡ್ಸ್ ಅವರ ಹಟ ಫೈಲ್‌ಗಳಿಗೂ ಅನ್ವಯಿಸುತ್ತದೆ. ಸಿಸ್‌ಎಫ್‌ಎಸ್ ಫೈಲ್‌ಗಳಿಗೆ ಈಗ ಕರ್ನೆಲ್ ಮೂಲದಲ್ಲೇ ದಾಖಲೆ ಇಡಬೇಕು: ಸ್ಥಿರ, ಪರೀಕ್ಷೆಯಲ್ಲಿರುವುದು, ಬಳಕೆ ತಪ್ಪಿದ್ದು, ತೆಗೆದದ್ದು ಎಂದು ನಾಲ್ಕು ಖಾನೆ.

ನಿಯಮವೇ ಬೇಡ ಎನ್ನುವವರಿಗೆಂದು ಗ್ರೆಗ್ ಕ್ರೋ-ಹಾರ್ಟ್‌ಮನ್ ಡೀಬಗ್‌ಎಫ್‌ಎಸ್ ಬರೆದುಕೊಟ್ಟಿದ್ದಾರೆ. ಅಲ್ಲಿ ಏನು ಬೇಕಾದರೂ ಹಾಕಿ, ನಾಳೆ ತೆಗೆಯಿರಿ. ಆದರೆ ಅಲ್ಲಿದ್ದ ಟ್ರೇಸಿಂಗ್ ಫೈಲ್‌ಗಳನ್ನು ಎಷ್ಟು ಜನ ಬಳಸತೊಡಗಿದರೆಂದರೆ, 2015ರ 4.1ರಲ್ಲಿ ಅವುಗಳಿಗೆ ಟ್ರೇಸ್‌ಎಫ್‌ಎಸ್ ಎಂಬ ಸ್ವಂತ ಮನೆಯನ್ನೇ ಕಟ್ಟಿಕೊಡಬೇಕಾಯಿತು. ಹಳೆಯ ವಿಳಾಸವನ್ನೂ ಆಗ ಕೈಬಿಡಲಾಗಲಿಲ್ಲ.

ತಪ್ಪು ಕಲ್ಪನೆ: “ಒಳ್ಳೆಯ ಸಿಸ್‌ಸಿಟಿಎಲ್.ಕಾನ್ಫ್ ಒಂದು ಸಿಕ್ಕರೆ ನಕಲು ಮಾಡಿಕೊಂಡರಾಯಿತು, ಸರ್ವರ್ ಚುರುಕಾಗುತ್ತದೆ.”

ಹೀಗೆ ಕೈಯಿಂದ ಕೈಗೆ ದಾಟುವ ಪಟ್ಟಿಗಳಲ್ಲಿ ‘ಟಿಸಿಪಿ_ಟಿಡಬ್ಲ್ಯೂ_ರೀಸೈಕಲ್’ ಎಂಬ ಸಾಲು ವರ್ಷಗಟ್ಟಲೆ ಓಡಾಡಿತು. ಮುಗಿದ ಸಂಪರ್ಕಗಳ ಜಾಗವನ್ನು ಬೇಗ ಬಿಡಿಸುತ್ತದೆ ಎಂದು ಹೆಸರೇ ಆಸೆ ಹುಟ್ಟಿಸುತ್ತದೆ. ಆದರೆ ಅದು ಒಂದೊಂದು ಐಪಿ ವಿಳಾಸದಿಂದ ಕೊನೆಗೆ ಬಂದ ಟೈಮ್‌ಸ್ಟ್ಯಾಂಪ್ ನೆನಪಿಟ್ಟುಕೊಂಡು, ಅದಕ್ಕಿಂತ ಹಿಂದಿನದು ಬಂದರೆ ಹಳೆಯ ಪ್ಯಾಕೆಟ್ ಎಂದು ಸದ್ದಿಲ್ಲದೆ ಬಿಸಾಡುತ್ತಿತ್ತು. ಒಂದೇ ರೌಟರಿನ ಹಿಂದೆ ಹತ್ತು ಜನರ ಫೋನ್‌ಗಳಿದ್ದರೆ ಹೊರಗೆ ಕಾಣುವ ಐಪಿ ಒಂದೇ, ಟೈಮ್‌ಸ್ಟ್ಯಾಂಪ್‌ಗಳು ಹತ್ತು ಬಗೆ. ಒಬ್ಬರಿಗೆ ಸೈಟ್ ತೆರೆಯುತ್ತದೆ, ಪಕ್ಕದವರಿಗೆ ಇಲ್ಲ, ಲಾಗ್‌ನಲ್ಲಿ ಸುಳಿವೂ ಇಲ್ಲ. 2017ರಲ್ಲಿ ಬಂದ 4.12ರಲ್ಲಿ ಆ ಸೆಟ್ಟಿಂಗ್ ಅನ್ನೇ ತೆಗೆದುಹಾಕಿದರು. ಒಮ್ಮೆ ಕೊಟ್ಟದ್ದನ್ನು ತೆಗೆಯಬಾರದು ಎಂಬ ನಿಯಮಕ್ಕೆ ಇದು ಅಪರೂಪದ ಅಪವಾದ. ಇದ್ದು ಆಗುತ್ತಿದ್ದ ಹಾನಿಯೇ ಹೆಚ್ಚಾಗಿತ್ತು.

ಪಟ್ಟಿಗಳಲ್ಲಿ ಆ ಸಾಲು ಇವತ್ತಿಗೂ ಇದೆ. ಹೊಸ ಕರ್ನೆಲ್‌ನಲ್ಲಿ ಓಡಿಸಿದರೆ ಅಂಥ ಫೈಲ್ ಇಲ್ಲ ಎಂಬ ಒಂದು ಸಂದೇಶ ತೆರೆಯ ಮೇಲೆ ಬರುತ್ತದೆ, ಅಷ್ಟೇ. ಹತ್ತು ವರ್ಷದ ಹಿಂದೆ ಬೇರಾರದೋ ಯಂತ್ರಕ್ಕೆ ಬೇರಾವುದೋ ಕಾರಣಕ್ಕೆ ಬರೆದ ಉಳಿದ ಸಾಲುಗಳನ್ನು ಸಿಸ್‌ಸಿಟಿಎಲ್ ಕಮಾಂಡ್ ಒಂದೊಂದಾಗಿ ನಿಮ್ಮ ಕರ್ನೆಲ್‌ಗೆ ಬರೆಯುತ್ತಾ ಹೋಗುತ್ತದೆ, ಯಾವ ತಕರಾರೂ ಇಲ್ಲದೆ.